ಹಳ್ಳದಮ್ಮನ ನೀಲಿ ಗೆರೆ

ಊಟಕ್ಕೆ ಕರೆದವರ ಮನೆಯಲ್ಲಿ ಕೈ ತೊಳೆದು ಬಂದವಳು, ‘ಊಟ ಚೆನ್ನಾಗಿತ್ತು’ ಅನ್ನೋ ಬದಲು ‘ನಿಮ್ಮ ಬಚ್ಚಲಿನ ಇಳಿಜಾರು ಉಲ್ಟಾ ಇದೆ, ನೀರೆಲ್ಲ ಬಾಗಿಲ ಕಡೆಗೇ ಬರುತ್ತೆ’ ಅಂದರೆ ಯಾರಿಗೆ ತಾನೇ ಖುಷಿಯಾಗುತ್ತೆ, ಹೇಳಿ? ನಮ್ಮ ಹಳ್ಳದಮ್ಮ ಹಾಗೆ ಅಂದೂ ಅಂದೂ ಅರ್ಧ ನೆಂಟರನ್ನು ಕಳೆದುಕೊಂಡವಳು. ಉಳಿದರ್ಧ ನೆಂಟರು ಮನೆ ಕಟ್ಟಿಸುವಾಗ ಮಾತ್ರ ಅವಳನ್ನು ನೆನಪಿಸಿಕೊಳ್ಳುತ್ತಾರೆ.

ಹಳ್ಳದಮ್ಮ ಅನ್ನೋದು ಆಫೀಸಿನವರಿಟ್ಟ ಹೆಸರು. ನಗರಸಭೆ ಕಟ್ಟಡದ ಮಹಡಿಯಲ್ಲಿ ನಕ್ಷೆ ವಿಭಾಗ ಅಂತ ಒಂದು ಕೋಣೆಯಿದೆ. ಎರಡು ಕಂಪ್ಯೂಟರು, ಮುಚ್ಚಳಕ್ಕೆ ದಾರ ಕಟ್ಟಿದ ಒಂದು ದೊಡ್ಡ ಪ್ರಿಂಟರು, ಕಿಟಕಿಯಿಂದಾಚೆ ನೋಡಿದರೆ ಸೈಕಲ್ ಸ್ಟ್ಯಾಂಡು. ಅಲ್ಲಿ ಕೂತು ಊರಿನ ಹಳ್ಳ, ಚರಂಡಿ, ಕೆರೆಕೋಡಿಗಳನ್ನು ನಕ್ಷೆಗೆ ಇಳಿಸುವುದೇ ಅವಳ ಕೆಲಸ. ಯಾರ ಮನೆ ತಾರಸಿ ಮೇಲೆ ಬಿದ್ದ ಮಳೆ ಯಾವ ಹಳ್ಳಕ್ಕೆ ಸೇರುತ್ತೆ, ಆ ಹಳ್ಳ ಉಕ್ಕಿದರೆ ಎಷ್ಟು ದೂರ ಹರಡುತ್ತೆ ಅಂತ ಕೂತಲ್ಲೇ ಹೇಳುತ್ತಾಳೆ.

“ಅದೇನು ಮಂತ್ರಾನಾ?” ಅಂತ ಒಮ್ಮೆ ಅವಳ ಅತ್ತೆ ಕೇಳಿದ್ದರು.

“ಮಂತ್ರ ಅಲ್ಲ ಅತ್ತೆ. ವಿಮಾನದಲ್ಲಿ ಹೋಗಿ ಮೇಲಿಂದ ನೆಲದ ಎತ್ತರ ಅಳೀತಾರೆ. ಊರನ್ನೆಲ್ಲ ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೂ ಒಂದೊಂದು ಎತ್ತರ ಕೊಡ್ತಾರೆ. ನೀರು ಎತ್ತರದ ಚೌಕದಿಂದ ತಗ್ಗಿನ ಚೌಕಕ್ಕೆ ಇಳಿಯುತ್ತೆ. ಅದನ್ನ ಕಂಪ್ಯೂಟರ್ ಲೆಕ್ಕ ಹಾಕುತ್ತೆ.”

“ನೀರು ತಗ್ಗಿಗೆ ಹೋಗುತ್ತೆ ಅಂತ ಹೇಳೋಕೆ ವಿಮಾನ ಬೇಕಾ?” ಅಂದುಬಿಟ್ಟರು ಅತ್ತೆ. ಬಸ್ ಡ್ರೈವರ್ ಆಗಿರುವ ಗಂಡ ಅವತ್ತೆಲ್ಲ ಅದನ್ನೇ ಹೇಳಿಕೊಂಡು ನಕ್ಕ.

ನಗು ನಿಂತದ್ದು ಆ ಬೇಸಿಗೆಯಲ್ಲಿ. ನೆರೆ ಬಂದರೆ ಮುಳುಗುವ ಜಾಗಗಳಿಗೆಲ್ಲ ನೀಲಿ ಬಳಿದು ಹೊಸ ನಕ್ಷೆ ತಯಾರಾಯಿತು. ಕರಡನ್ನು ನಗರಸಭೆ ಗೋಡೆಗೆ ಅಂಟಿಸಿದರು. ರೈಲುಹಾದಿಯ ಮೇಲ್ಮಗ್ಗುಲಿನ ಓಣಿ ಪೂರ್ತಿ ನೀಲಿ. ಆ ಓಣಿಯಲ್ಲೇ ಹಳ್ಳದಮ್ಮನ ಸ್ವಂತ ಅಕ್ಕ ಶಿಶುವಿಹಾರ ನಡೆಸುತ್ತಿದ್ದಳು. ಒಂದು ದೊಡ್ಡ ಹಜಾರ, ಗೋಡೆ ತುಂಬ ಮಕ್ಕಳ ಕೈಯಚ್ಚು, ಮೂಲೆಯಲ್ಲಿ ಸುತ್ತಿಟ್ಟ ಪುಟ್ಟ ಪುಟ್ಟ ಚಾಪೆಗಳು. ನೀಲಿಯೊಳಗೆ ಬಿದ್ದ ನೆಲಮಹಡಿಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ ಅನ್ನೋದು ನಿಯಮ. ನಕ್ಷೆ ಪಾಸಾದರೆ ಶಿಶುವಿಹಾರಕ್ಕೆ ಬೀಗ.

ಅಕ್ಕ ಜಗಳವಾಡಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಒಂದೇ ಮಾತು ಕೇಳಿದಳು. “ಗಂಡ ಹೋದಮೇಲೆ ನಾನು ಈ ಮಕ್ಕಳನ್ನ ಇಟ್ಕೊಂಡೇ ಬದುಕಿದ್ದು. ನಿನಗೆ ಗೊತ್ತಿಲ್ವಾ?”

“ಅಕ್ಕಾ, ಗೆರೆ ನಾನು ಎಳೆಯಲ್ಲ, ಲೆಕ್ಕ ಎಳೆಯುತ್ತೆ...”

“ಹಾಗಾದ್ರೆ ಹೋಗಿ ಲೆಕ್ಕದ ಜೊತೇನೇ ಅಕ್ಕ-ತಂಗಿ ಆಗಿರು.” ಅಷ್ಟು ಹೇಳಿ ಮಾತು ಬಿಟ್ಟಳು. ಫೋನಿಲ್ಲ, ಬರೋದಿಲ್ಲ, ಹೋಗೋದಿಲ್ಲ. ಹಳ್ಳದಮ್ಮ ದಿನಾ ಫೋನು ಕೈಗೆತ್ತಿಕೊಂಡು ಹಾಗೇ ಕೆಳಗಿಡುತ್ತಿದ್ದಳು.

ಹಾಗಂತ ಅವಳು ಗೆರೆ ಅಳಿಸುವ ಹೆಂಗಸಲ್ಲ. ಆದರೆ ಆ ಓಣಿಯನ್ನು ಪರದೆಯ ಮೇಲೆ ಮತ್ತೆ ಮತ್ತೆ ತೆರೆದು ನೋಡುವುದನ್ನಂತೂ ಬಿಡಲಿಲ್ಲ. ಒಂದು ಬೆಳಿಗ್ಗೆ ಚಹಾ ಲೋಟ ಬಾಯಿಗಿಡುವಾಗ ಕಣ್ಣಿಗೆ ಬಿತ್ತು ನೋಡಿ! ನೇರವಾಗಿ ಬಂದ ಹಳ್ಳ ರೈಲುಹಾದಿಯ ದಿಬ್ಬದ ಹತ್ತಿರ ಕವಾಯತು ಮಾಡುವ ಪೊಲೀಸಿನವನ ಹಾಗೆ ಸರಕ್ಕನೆ ಬಲಕ್ಕೆ ತಿರುಗಿ, ದಿಬ್ಬದುದ್ದಕ್ಕೂ ಹೋಗಿ, ಓಣಿಯಲ್ಲಿ ಮಡುಗಟ್ಟಿತ್ತು. ಹಳ್ಳ ಎಲ್ಲಾದರೂ ಹಾಗೆ ತಿರುಗುತ್ತಾ?

“ಅಯ್ಯೋ ನನ್ನ ಬುದ್ಧಿಗಿಷ್ಟು!” ಅಂತ ಹಣೆ ಚಚ್ಚಿಕೊಂಡಳು. ಪಕ್ಕದ ಕುರ್ಚಿಯಲ್ಲಿದ್ದ ವಿಭಾಗದ ಸಾಹೇಬರು ಬೆಚ್ಚಿ ಕನ್ನಡಕ ಬೀಳಿಸಿಕೊಂಡರು.

ಆಗಿದ್ದಿಷ್ಟೇ. ವಿಮಾನಕ್ಕೆ ಕಾಣುವುದು ಮೇಲುಗಡೆ ಮಾತ್ರ. ಸೇತುವೆ ಕಂಡರೆ ಅದಕ್ಕೆ ಗೋಡೆ, ದಿಬ್ಬ ಕಂಡರೆ ಅದಕ್ಕೆ ಅಣೆಕಟ್ಟು. ಕೆಳಗೆ ನೀರು ದಾಟುವ ಮೋರಿ ಇದೆ ಅಂತ ಅದಕ್ಕೇನು ಗೊತ್ತು? ಅದಕ್ಕೇ ಈ ಕೆಲಸದವರು ಊರಲ್ಲಿರುವ ಮೋರಿಗಳನ್ನೆಲ್ಲ ಒಂದೊಂದಾಗಿ ಹುಡುಕಿ, ಅಲ್ಲಲ್ಲಿ ಚೌಕಗಳನ್ನು ಕೊರೆದು ನೀರಿಗೆ ದಾರಿ ಬಿಡಬೇಕು. ಹಳ್ಳದಮ್ಮ ಊರಿನ ಮೋರಿಗಳಿಗೆಲ್ಲ ದಾರಿ ಬಿಟ್ಟಿದ್ದಳು, ಇದೊಂದನ್ನು ಬಿಟ್ಟು. ರಸ್ತೆಯವರು ಅದು ರೈಲಿನವರದು ಅಂದುಕೊಂಡರು, ರೈಲಿನವರು ರಸ್ತೆಯವರದು ಅಂದುಕೊಂಡರು, ಹಾಗಾಗಿ ಅದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಇವಳೋ, ಚಿಕ್ಕವಳಿದ್ದಾಗ ಅಕ್ಕನ ಜೊತೆ ಅದೇ ಮೋರಿಯಲ್ಲಿ ಕೂತು ಹುಣಸೆಕಾಯಿ ತಿಂದವಳು, ಕಂಪ್ಯೂಟರಿನ ಮುಂದೆ ಕೂತಾಗ ಅದನ್ನು ಮರೆತೇಬಿಟ್ಟಿದ್ದಳು! ಓದಿದವರ ಪಾಡು ಹೀಗೇ. ಕಣ್ಣೆದುರಿಗೆ ಊರೇ ಇದ್ದರೂ ಚೌಕದಲ್ಲಿ ಇಲ್ಲದಿದ್ದರೆ ಇಲ್ಲ.

“ಸರ್, ನಾನು ಹೋಗಿ ಅಳೀಬೇಕು,” ಅಂದಳು.

ಸಾಹೇಬರು ಒಳ್ಳೆಯವರು, ಆದರೆ ಶೂ ಮೇಲೆ ಪ್ರಾಣ ಇಟ್ಟುಕೊಂಡವರು. “ಅಳೆಯೋದು ಸರಿ. ಅದು ನಿಮ್ಮ ಅಕ್ಕನ ಓಣಿ ಅಂತ ಊರಿಗೆಲ್ಲ ಗೊತ್ತಮ್ಮ. ನಾಳೆ ಜನ ಏನಂತಾರೆ?”

“ಅದಕ್ಕೇ ನೀವೂ ಬನ್ನಿ.”

ಪಾಪ, ಬಂದರು. ದಿಬ್ಬದ ಕೆಳಗೆ ಮೋರಿಯ ಬಾಯಿ ಬಳ್ಳಿಗಳಲ್ಲಿ ಮುಚ್ಚಿಹೋಗಿತ್ತು. ಸಾಹೇಬರು ಒಂದು ಕಲ್ಲಿನ ಮೇಲೆ ಕೊಕ್ಕರೆ ಹಾಗೆ ನಿಂತು ಟೇಪಿನ ತುದಿ ಹಿಡಿದುಕೊಂಡರು. ಹಳ್ಳದಮ್ಮ ಸೆರಗು ಸಿಕ್ಕಿಸಿ ಒಳಗೆ ನುಗ್ಗಿದಳು. ಚಿಕ್ಕಂದಿನಲ್ಲಿ ಸಲೀಸಾಗಿ ಹೊಕ್ಕ ಮೋರಿ. ಆದರೆ ಆಗಿನ ಸೊಂಟವೇ ಬೇರೆ, ಈಗಿನ ಸೊಂಟವೇ ಬೇರೆ! ಅಗಲ ಅಳೆದಳು, ಎತ್ತರ ಅಳೆದಳು, ಅಂಕಿಗಳನ್ನು ಅಲ್ಲೇ ಕೂತು ಬರೆದುಕೊಂಡಳು. ವಾಪಸ್ ಬರುವಾಗ ಮಾತ್ರ ಸಿಕ್ಕಿಹಾಕಿಕೊಂಡಳು. ಎರಡು ಕಾಲು ಹೊರಗೆ, ಮಿಕ್ಕಿದ್ದೆಲ್ಲ ಒಳಗೆ.

“ಎಳೀಲಾ?” ಅಂದರು ಸಾಹೇಬರು ಸಂಕೋಚದಿಂದ.

ಅಷ್ಟು ಹೊತ್ತಿಗೆ ಶಿಶುವಿಹಾರದ ಮಕ್ಕಳು ಕೇಕೆ ಹಾಕಿಕೊಂಡು ಓಡಿಬಂದರು, ಹಿಂದೆಯೇ ಅಕ್ಕ. ಹೊರಗೆ ಚಾಚಿದ ಆ ಕಾಲುಗಳನ್ನು ಅಕ್ಕ ಒಂದು ಗಳಿಗೆ ನೋಡಿದಳು. ಒಡೆದ ಹಿಮ್ಮಡಿ ನೋಡಿದಳು. ಎಷ್ಟು ದಿನದಿಂದ ಬಿಗಿಹಿಡಿದ ಮೋರೆಯೋ ಏನೋ, ಒಮ್ಮೆಗೇ ಕಿಸಕ್ಕನೆ ಬಿಚ್ಚಿಕೊಂಡಿತು. “ಇವಳು ನಮ್ಮವಳೇ! ಹಿಮ್ಮಡಿಗೆ ಎಣ್ಣೆ ಹಚ್ಚೇ ಅಂತ ಎಷ್ಟು ಬಡ್ಕೊಂಡ್ರೂ ಕೇಳಲ್ಲ!” ಅಂತ ಎರಡೂ ಕಾಲು ಹಿಡಿದು ಎಳೆದಳು. ಕೆಸರು ಮೆತ್ತಿಕೊಂಡು ಹೊರಬಂದ ತಂಗಿಯನ್ನು ನೋಡಿ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮಾತು ಶುರುವಾದದ್ದು ಹಾಗೆ. ಅವತ್ತು ಇಬ್ಬರೂ ನಕ್ಷೆಯ ಸುದ್ದಿ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಲೆಕ್ಕ ಮುಗಿಯಿತು. ಹಳ್ಳ ಈಗ ದಿಬ್ಬದ ಕೆಳಗೆ ನೆಟ್ಟಗೆ ಹೋಗುತ್ತಿತ್ತು. ಅಕ್ಕನ ಓಣಿಯ ನೀಲಿ ಪೂರ್ತಿ ಬಿಟ್ಟುಹೋಗಿತ್ತು. ಹಳ್ಳದಮ್ಮ ಕೂತಲ್ಲೇ ಕುಣಿಯುವಷ್ಟು ಖುಷಿಪಟ್ಟಳು. ಆಮೇಲೆ ನಕ್ಷೆಯನ್ನು ಕೆಳಗೆ ಸರಿಸಿದಳು.

ಓಣಿಯಲ್ಲಿ ನಿಲ್ಲದ ನೀರು ಎಲ್ಲಿಗಾದರೂ ಹೋಗಬೇಕಲ್ಲ? ಮೋರಿ ದಾಟಿ, ದಿಬ್ಬದ ಕೆಳಮಗ್ಗುಲಿನ ಬೀದಿಗೆ ಬಂದಿತ್ತು. ಹಳ್ಳದಮ್ಮನ ಸ್ವಂತ ಬೀದಿಗೆ. ಗೇಟು ದಾಟಿ, ತುಳಸಿಕಟ್ಟೆ ಸುತ್ತಿ, ಅತ್ತೆ ಮುತುವರ್ಜಿಯಿಂದ ಕಟ್ಟಿಸಿದ ಅಡಿಗೆಮನೆಯನ್ನು ನೀಲಿ ನುಂಗಿತ್ತು.

ಈಗ ಕೇಳಿ ಅವಳ ಸಂಕಟ. ಮೋರಿಯ ಎತ್ತರದ ಅಂಕಿ ಒಂದಿತ್ತಲ್ಲ, ಅದನ್ನು ಒಂಚೂರು ಕಡಿಮೆ ಮಾಡಿದರೆ ಸಾಕು. ನೀಲಿ ಅವಳ ಬೀದಿಯ ಆಚೆಗೇ ನಿಲ್ಲುತ್ತಿತ್ತು, ಅಕ್ಕನ ಓಣಿಯೂ ಬಚಾವು. ನಡುವೆ ಇನ್ಯಾರದೋ ಖಾಲಿ ಜಾಗ ಒದ್ದೆಯಾಗುತ್ತಿತ್ತು, ಅಷ್ಟೇ. ಒಳಗೆ ಹೊಕ್ಕು ಅಳೆದವಳು ಅವಳೊಬ್ಬಳೇ. ಸಾಹೇಬರು ಹಿಡಿದದ್ದು ಟೇಪಿನ ತುದಿ. ಯಾರಿಗೂ ಗೊತ್ತಾಗುವ ಮಾತೇ ಇಲ್ಲ. ಹಳ್ಳದಮ್ಮ ಕೀಲಿಮಣೆಯ ಮೇಲೆ ಬೆರಳಿಟ್ಟು ಕೂತಳು. ಒಮ್ಮೆ ಆ ಸಣ್ಣ ಅಂಕಿಯನ್ನು ಒತ್ತಿಯೂ ನೋಡಿದಳು. ಅವಳ ಮನೆ ಪರದೆಯ ಮೇಲೆ ಒಣಗಿ ನಿಂತಿತು. ಎಷ್ಟು ಚೆನ್ನಾಗಿ ಕಂಡಿತು ಅಂತೀರಿ!

ಅವಳು ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಬಂದು, ಅಳೆದ ಅಂಕಿಯನ್ನೇ ಮತ್ತೆ ಹಾಕಿ, ಸಾಹೇಬರ ಟೇಬಲ್ಲಿಗೆ ಕಳಿಸಿಬಿಟ್ಟಳು.

ಸಂಜೆ ಮನೆಯಲ್ಲಿ ಸುದ್ದಿ ಹೇಳಿದಾಗ ಗಂಡ, “ಊರಿನ ಬಚ್ಚಲಿಗೆಲ್ಲ ಹೆಸರಿಡ್ತಿದ್ದೆ, ಈಗ ನಮ್ಮ ಅಡಿಗೆಮನೇನೇ ಬಚ್ಚಲು ಮಾಡಿದ್ಯಲ್ಲೇ!” ಅಂದ. ಅತ್ತೆ ಎದ್ದು ಹೋಗಿ ಅಡಿಗೆಮನೆಯ ಗೋಡೆ ಸವರಿದರು. ಆಮೇಲೆ ಕೆಳಗಿನ ಗೂಡಿನಿಂದ ಅಕ್ಕಿ ಡಬ್ಬ ಎತ್ತಿ ಅಟ್ಟದ ಮೇಲಿಡಲು ಹೊರಟರು.

“ಈಗಲೇ ಯಾಕೆ ಅತ್ತೆ? ಮಳೆಗಾಲ ಇನ್ನೂ ದೂರ ಇದೆ.”

“ನೀನು ಹೇಳಿದ ಮೇಲೆ ಬರುತ್ತೆ. ಹಿಡಿ ಈ ಕಡೆ.”

ತಿದ್ದಿದ ನಕ್ಷೆಯ ಸಭೆ ನಗರಸಭೆಯ ಸಭಾಂಗಣದಲ್ಲಿ ಸೇರಿತು. ಇವಳ ಮನೆಯಿಂದ ಮೂರನೇ ಬಾಗಿಲಿನ ಕ್ಷೌರಿಕ ಎಲ್ಲರಿಗಿಂತ ಮೊದಲು ಎದ್ದು ನಿಂತ. ಕತ್ತರಿಯಷ್ಟೇ ಹರಿತ ಅವನ ಬಾಯಿ. “ಅಕ್ಕನ ಓಣಿ ಉಳಿಸೋಕೆ ನಮ್ಮ ಬೀದಿ ಮುಳುಗಿಸಿದ್ದಾರೆ ಸ್ವಾಮಿ! ಇದೆಂಥ ನ್ಯಾಯ?” ಸಭೆ ತುಂಬ ಗುಜುಗುಜು. ಸಾಹೇಬರು ಬೆವರೊರೆಸಿಕೊಂಡರು. ಹಳ್ಳದಮ್ಮ ಮೋರಿ, ಚೌಕ, ವಿಮಾನ ಅಂತ ಶುರುಮಾಡಿದಳು, ಆ ಗುಜುಗುಜಿನಲ್ಲಿ ಯಾರೂ ಕಿವಿಗೊಡಲಿಲ್ಲ.

ಅತ್ತೆ ಎದ್ದರು. ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟರು. “ಇಲ್ಲಿ ನೋಡಪ್ಪ. ಈ ನೀಲಿ ಮೊದಲು ಬರೋದು ನನ್ನ ಅಡಿಗೆಮನೆಗೆ. ಅಲ್ಲಿ ನನ್ನ ಒಲೆ ಮುಳುಗಿಸಿದ ಮೇಲೆ ನಿನ್ನ ಅಂಗಡಿಗೆ ಬರುತ್ತೆ. ಸೊಸೆಗೆ ಮೋಸ ಮಾಡೋಕೆ ಬರೋದಾಗಿದ್ರೆ ಮೊದಲು ಅತ್ತೆ ಒಲೆ ಉಳಿಸ್ತಿರಲಿಲ್ವಾ? ಅತ್ತೆ ಬಾಯಿ ಹೇಗಿರುತ್ತೆ ಅಂತ ನಿನ್ನ ಹೆಂಡತೀನ ಕೇಳು.” ಸಭೆಯೇ ಗೊಳ್ಳೆಂದಿತು. ಕ್ಷೌರಿಕನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವನೂ ಹಲ್ಲು ಬಿಟ್ಟು ಕೂತ.

ಹಿಂದಿನ ಸಾಲಿನಲ್ಲಿದ್ದ ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ತಂಗಿಯ ಮನೆ ನೀಲಿಯಲ್ಲಿದೆ ಅನ್ನೋದು ಅವಳಿಗೆ ಗೊತ್ತಾದದ್ದೇ ಆಗ. ಸಭೆ ಮುಗಿದ ಮೇಲೆ ಬಂದು ತಂಗಿಯ ರಟ್ಟೆ ಹಿಡಿದಳು. “ಮಳೆ ಬಂದಾಗ ನನ್ನ ಹಜಾರ ಇದೆ. ನಿಮ್ಮ ಬೀದಿ ಪೂರ್ತಿ ಬರಲಿ,” ಅಂದಳು. ಸಾಹೇಬರು ಅದನ್ನೇ ದೊಡ್ಡ ಗಂಟಲಲ್ಲಿ ಎಲ್ಲರಿಗೂ ಸಾರಿದರು.

ಆ ಮಳೆಗಾಲ ಸುಮ್ಮನೆ ಹೋಗಲಿಲ್ಲ. ಸುರಿದೇ ಸುರಿಯಿತು. ಹಳ್ಳ ಕೆಂಪಾಯಿತು ಅನ್ನುವಾಗಲೇ ಬೀದಿಯವರು ಗಂಟುಮೂಟೆ ಎತ್ತಿಕೊಂಡು ದಿಬ್ಬ ದಾಟಿದರು. ಬೆಳಗಾಗುವಾಗ ಅಕ್ಕನ ಹಜಾರದಲ್ಲಿ ಮಕ್ಕಳ ಚಾಪೆಗಳ ಮೇಲೆ ದೊಡ್ಡವರು ಮಡಚಿಕೊಂಡು ಮಲಗಿದ್ದರು. ಕ್ಷೌರಿಕ ಒಂದು ಆನೆ ಗೊಂಬೆಯನ್ನು ತಲೆಗಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಅವನ ಚಿಕ್ಕ ಮಗಳು ಅತ್ತೆಯ ಮಡಿಲಲ್ಲಿ ಬಾಯಿ ತೆರೆದು ಮಲಗಿದ್ದಳು.

ಗಂಡ ಪ್ಯಾಂಟು ಮಡಚಿ ಮನೆ ನೋಡಿಕೊಂಡು ಬಂದ. “ನೀರು ಒಲೆ ಕಟ್ಟೆ ತನಕ ಬಂದಿದೆ. ಆದ್ರೆ ನೀನು ಹೇಳಿದ್ದಕ್ಕಿಂತ ನಾಲ್ಕು ಬೆರಳು ಕಡಿಮೆ.”

“ನಾಲ್ಕು ಬೆರಳಾ? ಅಷ್ಟೊಂದು ಹೇಗೆ ತಪ್ಪಿತು?” ಅಂತ ಹಳ್ಳದಮ್ಮ ಗಾಬರಿಯಿಂದ ಎದ್ದು ಕೂತಳು.

“ಮನೆ ಮುಳುಗಿದ್ದಕ್ಕೆ ಅಳು ಬರಲಿಲ್ಲ, ನಾಲ್ಕು ಬೆರಳಿಗೆ ಬರ್ತಿದೆ ನೋಡಿ ಇವಳಿಗೆ!” ಅಂದಳು ಅಕ್ಕ. ಎಚ್ಚರವಿದ್ದವರೆಲ್ಲ ನಕ್ಕರು. ಹಳ್ಳದಮ್ಮನೂ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಿತು, ಆಮೇಲೆ ತಡೆಯಲಾಗಲಿಲ್ಲ. ಎದ್ದು ಅಕ್ಕನ ಹಿಂದೆಯೇ ಒಳಕೋಣೆಗೆ ಹೋದಳು. ಅಲ್ಲಿ ಅಷ್ಟು ಜನರಿಗೂ ಹಾಲು ಕಾಯುತ್ತಿತ್ತು.

“ಅಕ್ಕಾ, ಅವತ್ತು ಒಂದು ಅಂಕಿ ಬದಲಾಯಿಸಿಬಿಡ್ತಿದ್ದೆ. ಬೆರಳು ಇಟ್ಟಿದ್ದೆ. ನಮ್ಮ ಬೀದಿಗೆ ನೀರು ಬರಲ್ಲ ಅಂತ ನಕ್ಷೆ ಹೇಳ್ತಿತ್ತು. ಆಗ ಇವರೆಲ್ಲ ರಾತ್ರಿ ಮನೆಯಲ್ಲೇ ಮಲಗಿರ್ತಿದ್ರು.” ಅವಳು ಬಾಗಿಲಿನಿಂದ ಹಜಾರದ ಕಡೆ ಕೈ ತೋರಿಸಿದಳು. “ಆ ಮಗು ಕೂಡ.”

ಅಕ್ಕ ಹಜಾರದ ಕಡೆ ನೋಡಿದಳು. ಸೆರಗಿನಿಂದ ಮೊದಲು ತಂಗಿಯ ಮುಖ ಒರೆಸಿದಳು, ಆಮೇಲೆ ತನ್ನದು.

“ಬದಲಾಯಿಸಲಿಲ್ವಲ್ಲ,” ಅಂದಳು. “ಹೋಗು, ಎಲ್ಲರನ್ನೂ ಎಬ್ಬಿಸು. ಹಾಲು ಕಾದಿದೆ.”