ಕಾಶಿಯಲ್ಲಿ ಬಿಟ್ಟ ಅನ್ನ

ಕಾಶಿಗೆ ಬಂದವರು ತಮಗಿಷ್ಟವಾದ ತಿನಿಸೊಂದನ್ನು ಬಿಟ್ಟು ಹೋಗುವ ಪದ್ಧತಿ ನನಗೂ ಗೊತ್ತಿತ್ತು. ಅದು ಆಹಾರತಜ್ಞೆಯಾದ ನನ್ನ ಮೇಜಿನ ತನಕ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ದಶಾಶ್ವಮೇಧ ಘಾಟಿನ ಹತ್ತಿರ ನಮ್ಮ ಕಡೆಯ ಯಾತ್ರಿಕರಿಗೆ ಅಡುಗೆ ಮಾಡಿ ಬಡಿಸುವ ಗಿರಿಜಮ್ಮ ಗಂಡನ ಜೊತೆ ಕಾಶಿಯ ನಮ್ಮ ಆಸ್ಪತ್ರೆಗೆ ಬಂದಿದ್ದರು.

"ಉಣ್ಣೋದು ಒಂದ ಹೊತ್ತು ನೋಡ್ರಿ ಮೇಡಂ. ಆದ್ರೂ ತೂಕ ಇಳಿಯಂಗಿಲ್ಲ. ಮೈ ತಣ್ಣಗಿರ್ತದ, ಸುಸ್ತು ಬ್ಯಾರೆ."

ಥೈರಾಯ್ಡ್ ಪರೀಕ್ಷೆ ಸರಿಯಾಗಿಯೇ ಇತ್ತು. ಏನೇನು ತಿನ್ನುತ್ತೀರಿ ಎಂದು ವಿಚಾರಿಸಿದಾಗ ವಿಷಯ ಹೊರಬಿತ್ತು. ಊರಿಂದ ನೆಂಟರು ಬಂದು ಗಂಗೆಯಲ್ಲಿ ಮುಳುಗಿ ಏನಾದರೂ ಬಿಟ್ಟಾಗಲೆಲ್ಲ ಇವರೂ ಜೊತೆಗೆ ಒಂದೊಂದು ಬಿಟ್ಟಿದ್ದರು. ಅನ್ನ, ಬೆಲ್ಲ, ಮೊಸರು, ಬಾಳೆಹಣ್ಣು ಎಲ್ಲವೂ ಹೋಗಿದ್ದವು.

"ತೀರಾ ಕಡಿಮೆ ತಿಂದರೆ ದೇಹವೂ ಕೈ ಬಿಗಿಹಿಡಿದು ಖರ್ಚು ಮಾಡುತ್ತದೆ. ಬೆಳಿಗ್ಗೆಯೂ ಅನ್ನ, ಮೊಸರು ಹೊಟ್ಟೆತುಂಬ ಉಣ್ಣಿ" ಅಂದೆ.

"ಗಂಗಾದಾಗ ಬಿಟ್ಟಿದ್ದು ಮತ್ತ ತಿನ್ನಾಕ ಬರ್ತದೇನ್ರಿ?" ಎಂದು ರೇಗಿದರು.

ಬಿಡದೆ ಉಳಿದಿದ್ದ ಚಪಾತಿ, ಬೇಳೆ, ಹಾಲನ್ನು ಎರಡು ಹೊತ್ತಿಗೆ ಒಪ್ಪಿಸುವಷ್ಟರಲ್ಲಿ ನನಗೇ ಸುಸ್ತಾಯಿತು. ಪಕ್ಕದಲ್ಲಿ ಕೂತಿದ್ದ ಯಜಮಾನರನ್ನು ಕೇಳಿದೆ: "ನೀವೇನು ಬಿಟ್ಟಿದ್ದೀರಿ?"

"ಹಾಗಲಕಾಯಿ" ಅಂದರು ಗಂಭೀರವಾಗಿ.

ಪಾಪ, ಬಹಳ ಇಷ್ಟವಿದ್ದಿರಬೇಕು.