ಸುಳಿಯಿಲ್ಲದ ಹೆಬ್ಬಾತು

ಕಳೆದ ಭಾನುವಾರ ನಮ್ಮ ಮಗಳು ವಿಮಲೆಯನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಓಡಿಹೋಗಿ ಜಟಕಾ ಹತ್ತಿದವರು ಮತ್ತೆ ಇಳಿಯಲೇ ಇಲ್ಲ. ಕೆಳಗೆ ನಮ್ಮ ಆರು ಹೆಬ್ಬಾತುಗಳು ಕತ್ತು ಚಾಚಿಕೊಂಡು ನಿಂತಿದ್ದವು. ಗಂಡಿನ ಸೋದರತ್ತೆಯ ಒಂದು ಚಪ್ಪಲಿ ಇನ್ನೂ ನಮ್ಮ ಅಂಗಳದಲ್ಲೇ ಬಿದ್ದಿದೆ.

ಮರ್ಯಾದಸ್ಥರು ಹೆಬ್ಬಾತು ಸಾಕುವುದುಂಟೇ ಎನ್ನುತ್ತೀರಾ? ನನ್ನ ಹೆಂಡತಿಯೂ ಅದನ್ನೇ ಕೇಳಿದ್ದಳು. ತಪ್ಪು ನನ್ನದಲ್ಲ, ಮುನಿಯಪ್ಪನದು.

ಅಮೃತಹಳ್ಳಿಯ ಹತ್ತಿರ ಎರಡು ಎಕರೆ ಕೊಂಡು ಮನೆ ಕಟ್ಟಿಕೊಂಡ ಮೇಲೆ, ಕಾಫಿಗೆ ಸ್ವಂತ ಹಾಲಿರಲಿ ಎಂದು ಯಲಹಂಕದ ಸಂತೆಗೆ ಹಸು ಹುಡುಕಲು ಹೋದೆ. ಪಕ್ಕದ ಹೊಲದ ಮುನಿಯಪ್ಪ ಜೊತೆಗೆ ಬಂದ. ಅವನು ಕೆಚ್ಚಲು ನೋಡುವುದಕ್ಕಿಂತ ಮೊದಲು ಸುಳಿ ನೋಡುತ್ತಿದ್ದ. (ನಮ್ಮ ನೆತ್ತಿಯ ಮೇಲಿರುವಂತೆ ದನದ ಮೈಮೇಲೂ ಕೂದಲಿನ ಸುಳಿಗಳಿರುತ್ತವೆ. ಅವು ಎಲ್ಲೆಲ್ಲಿವೆ ಎಂಬುದರ ಮೇಲೆ ಯಜಮಾನನ ಆಯಸ್ಸು ನಿಂತಿದೆಯಂತೆ.) ಒಂದಕ್ಕೆ ಬೆನ್ನ ಮೇಲಿನ ಸುಳಿ ಕೆಟ್ಟದ್ದು, ಇನ್ನೊಂದಕ್ಕೆ ಹಣೆಯಲ್ಲಿ ಒಂದು ಹೆಚ್ಚಿಗೆ. ನನಗೆ ಬಹಳ ಹಿಡಿಸಿದ್ದ ಮೂರನೆಯದರ ಮುಂದೆ ನಿಂತು, "ಬ್ಯಾಡಿ ಸ್ವಾಮಿ, ಇಂಥದ್ನ ಮನೇಲಿ ಕಟ್ಟಿದ್ರೆ ನೀವು ಉಳಿಯಾಕಿಲ್ಲ" ಎಂದುಬಿಟ್ಟ.

ನಾನು ಸುಮ್ಮನಿರುವ ಆಸಾಮಿಯೇ? ಮೂಢನಂಬಿಕೆಯ ಮೇಲೆ ಪತ್ರಿಕೆಯ ಇದೇ ಅಂಕಣದಲ್ಲಿ ಎಷ್ಟು ಸಲ ಕಿಡಿ ಕಾರಿದ್ದೇನೆಂದು ನಿಮಗೇ ಗೊತ್ತು. ಸಂತೆಯ ನಡುವೆ ನಿಂತು ಅರ್ಧ ಗಂಟೆ ಲೆಕ್ಚರ್ ಬಿಗಿದೆ. ಮುನಿಯಪ್ಪ ಬೀಡಿ ಹಚ್ಚಿದ. ಮಾರುವವನು ಹಸು ಹಿಡಿದುಕೊಂಡು ಮನೆಗೆ ಹೋದ. ಆ ಸಿಟ್ಟಿಗೆ, ಸುಳಿಯೇ ಇಲ್ಲದ ಪ್ರಾಣಿ ತರುತ್ತೇನೆಂದು ಹಠ ತೊಟ್ಟೆ.

ಹೆಬ್ಬಾಳದ ದೊರೆಸಾನಿಯೊಬ್ಬಳು ವಿಲಾಯಿತಿಗೆ ವಾಪಸು ಹೊರಟಿದ್ದಳು. ಅವಳ ಆರು ಹೆಬ್ಬಾತುಗಳನ್ನು ಕೊಂಡು ತಂದೆ. ಮುನಿಯಪ್ಪ ಒಂದನ್ನು ಎತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಗರಿ ಬಿಡಿಸಿ ಸುಳಿ ಹುಡುಕಿದ. ಅದು ಅವನ ಮೂಗು ಕಚ್ಚಿತು.

ಹಾಲು ಕೊಡಲಿಲ್ಲ, ನಿಜ. ಜಕ್ಕೂರಿನ ವಿಮಾನ ಶಾಲೆಯ ಪುಟ್ಟ ವಿಮಾನ ಹಾರಿದರೆ ಬೊಬ್ಬೆ, ಪೋಸ್ಟ್‌ಮ್ಯಾನ್ ಬಂದರೆ ಬೊಬ್ಬೆ. ಮನೆಯಲ್ಲಿ ಅವು ಮಾತು ಕೇಳುತ್ತಿದ್ದುದು ವಿಮಲೆಯೊಬ್ಬಳದು.

ಭಾನುವಾರಕ್ಕೆ ಬರೋಣ. ಹುಡುಗನಿಗೆ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಅದರ ಮೇಲೆ ಇರಲು ಕ್ವಾರ್ಟರ್ಸ್ ಬೇರೆ. ಇಂಥ ಸಂಬಂಧ ಕೈತಪ್ಪಬಾರದೆಂದು ಹೆಬ್ಬಾತುಗಳನ್ನು ಹಿತ್ತಲ ಕೊಟ್ಟಿಗೆಯಲ್ಲಿ (ಹಸು ಕಾಣದ ಕೊಟ್ಟಿಗೆ) ಕೂಡಿಹಾಕಿದ್ದೆವು. ಸಜ್ಜಿಗೆ ಬೋಂಡ ಆಯಿತು. ಹಾಡು ಹೇಳಿಸಿದ್ದಾಯಿತು. ಕಾಲು ನೆಟ್ಟಗಿದೆಯೇ ಎಂದು ನಡೆಸಿ ನೋಡಿದ್ದೂ ಆಯಿತು. ಆಮೇಲೆ ಸೋದರತ್ತೆ ಗಂಟಲು ಸರಿಮಾಡಿಕೊಂಡರು.

"ಸ್ವಲ್ಪ ಜಡೆ ಬಿಚ್ಚಿಸ್ತೀರಾ? ಕತ್ತಿನ ಹಿಂದೆ ಸುಳಿ ಇದ್ಯಾ ಅಂತ ನೋಡ್ಬೇಕು. ಇದ್ರೆ ಗಂಡನಿಗೆ ಆಗಿಬರಲ್ಲ."

ವಿಮಲೆ ನನ್ನ ಮುಖ ನೋಡಿದಳು. ನಾನು? ಎಲೆ ಅಡಿಕೆ ತಟ್ಟೆ ನೋಡಿದೆ. ಹಸುವಿಗಾಗಿ ಗಂಟಲು ಹರಿದುಕೊಂಡವನಿಗೆ ಮಗಳಿಗಾಗಿ ಒಂದು ಮಾತು ಹೊರಡಲಿಲ್ಲ. ಕ್ವಾರ್ಟರ್ಸ್ ಕಣ್ರೀ, ಕ್ವಾರ್ಟರ್ಸ್! ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಹೂ ಮುಡಿದಿದೀನಿ. ಹಿತ್ತಲಲ್ಲಿ ತೆಗೆದಿಟ್ಟು ಬರ್ತೀನಿ" ಎಂದು ವಿಮಲೆ ಮೆಲ್ಲಗೆ ಎದ್ದುಹೋದಳು.

ಕೊಟ್ಟಿಗೆಯ ಅಗುಳಿ ಸರಿದದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಆರೂ ನಡುಮನೆಗೆ ನುಗ್ಗಿದ್ದವು. ಸೋದರತ್ತೆಯ ಸೆರಗು ಒಂದರ ಕೊಕ್ಕಿನಲ್ಲಿ, ಹುಡುಗನ ತಂದೆಯ ಪಂಚೆ ಇನ್ನೊಂದರ ಕೊಕ್ಕಿನಲ್ಲಿ. ಹುಡುಗ ಮಾತ್ರ ಜಾಣ, ಹೆತ್ತವರಿಗಿಂತ ಮೊದಲೇ ಜಟಕಾ ಸೇರಿದ್ದ.

ಗುರುವಾರ ಅವರಿಂದ ಕಾರ್ಡು ಬಂತು. ಹುಡುಗಿ ಒಪ್ಪಿಗೆಯಂತೆ. ಆದರೆ ಆ ಹಕ್ಕಿಗಳನ್ನು ಸಾಗಹಾಕಿರಬೇಕಂತೆ, ಜಡೆ ಬಿಚ್ಚಿ ನೋಡುವುದು ಇನ್ನೂ ಬಾಕಿ ಇದೆಯಂತೆ. ವಿಮಲೆ ಅದನ್ನು ಎರಡು ಸಲ ಓದಿದಳು.

"ನಾನು ಬಾಗಿಲು ತೆಗೀಬಾರ್ದಿತ್ತು ಅನ್ಸುತ್ತಾ ಅಪ್ಪ ನಿಮಗೆ?"

ತೆಗೆದದ್ದೇ ಸರಿ ಎಂದೆ, ನಾಲ್ಕು ದಿನ ತಡವಾಗಿ. ಈ ಸಂಬಂಧ ನಮಗೆ ಬೇಡವೆಂದು ಅವತ್ತೇ ಉತ್ತರ ಬರೆದು ಟಪಾಲಿಗೆ ಹಾಕಿದೆ. ಹೆಂಡತಿ ನಿಟ್ಟುಸಿರು ಬಿಟ್ಟಳು, ಆದರೆ ಕಾಗದ ಹಾಕಬೇಡಿ ಎನ್ನಲಿಲ್ಲ.

ಆದರೂ ಅಪ್ಪ ಎನಿಸಿಕೊಂಡವನು ಎದುರಿಗೇ ಕೂತಿರುವಾಗ, ಅವನು ಮಾಡಬೇಕಾದ ಕೆಲಸವನ್ನು ಹೆಬ್ಬಾತುಗಳೇಕೆ ಮಾಡಬೇಕಾಯಿತು?