ಗಾಡಿಯಕ್ಕನ ಕಿರುಗುಟ್ಟುವ ಚಕ್ರ

ಕಿಟಕಿಯ ಗಾಜಿಗೆ ಬೆಳಕು ಈಗಷ್ಟೇ ತಾಗುತ್ತಿದೆ. ವಯಸ್ಸಾದವರ ವಸತಿ ಕಟ್ಟಡದ ನೆಲಮಹಡಿಯಲ್ಲಿ, ಲಿಫ್ಟಿನ ಪಕ್ಕ, ಹೆಂಗಸೊಬ್ಬರು ಒಂದು ಪರದೆಯನ್ನು ಮಗುವಿನ ಮುಖ ಒರೆಸಿದ ಹಾಗೆ ಮೆತ್ತಗೆ ಒರೆಸುತ್ತಿದ್ದಾರೆ. ಎದೆಮಟ್ಟದ ಕಂಬ, ತುದಿಯಲ್ಲಿ ಟೀವಿಯಂಥ, ಕ್ಯಾಮೆರಾ ಇರುವ ಪರದೆ, ಕೆಳಗೆ ನಾಲ್ಕು ಚಕ್ರ. ಇನ್ನು ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ಡಾಕ್ಟರಮ್ಮ ಕಾಣಿಸಿಕೊಳ್ಳುತ್ತಾರೆ. ದೂರದ ಆಸ್ಪತ್ರೆಯಲ್ಲಿ ಕೂತಿರುವ ಅವರನ್ನು ಇಲ್ಲಿನ ಕೋಣೆ ಕೋಣೆಗೂ ತಳ್ಳಿಕೊಂಡು ಹೋಗುವುದು ಈ ಹೆಂಗಸಿನ ಕೆಲಸ. ಎಲ್ಲರ ಬಾಯಲ್ಲೂ ಅವರು ಗಾಡಿಯಕ್ಕ.

ರಿಪೇರಿ ಕೆಲಸದವನು ಎಣ್ಣೆ ಡಬ್ಬಿ ಹಿಡಿದು ಬಂದು ನಿಲ್ಲುತ್ತಾನೆ. "ಅಕ್ಕಾ, ಇವತ್ತಾದ್ರೂ ಎರಡು ಹನಿ ಬಿಡ್ತೀನಿ. ಇದರ ಕಿರ್ ಕಿರ್ ಕೇಳಿ ಕೇಳಿ ಹಲ್ಲೆಲ್ಲ ಜುಮ್ಮನ್ನುತ್ತೆ."

"ಹಲ್ಲು ತೋರಿಸೋಕೆ ಡಾಕ್ಟರು ಬರ್ತಾರಲ್ಲಪ್ಪ, ಸರದೀಲಿ ನಿಂತ್ಕೋ. ಚಕ್ರದ ತಂಟೆಗೆ ಮಾತ್ರ ಬರಬೇಡ."

ಚಕ್ರ ಕಿರುಗುಟ್ಟಬೇಕು ಎನ್ನುವುದು ಗಾಡಿಯಕ್ಕನ ಹಟ. ಆ ಸದ್ದು ಮೊಗಸಾಲೆಯ ತುದಿಯಲ್ಲಿ ಕೇಳಿಸಿದರೆ ಸಾಕು, ಒಬ್ಬರು ಲೋಟದಲ್ಲಿಟ್ಟ ಹಲ್ಲಿನ ಸೆಟ್ಟು ಹಾಕಿಕೊಳ್ಳುತ್ತಾರೆ, ಇನ್ನೊಬ್ಬರು ತಲೆ ಬಾಚಿಕೊಳ್ಳುತ್ತಾರೆ. "ವಯಸ್ಸಾಯ್ತು ಅಂದ ಮಾತ್ರಕ್ಕೆ ಅವರ ಕೋಣೆ ಬಸ್‌ಸ್ಟ್ಯಾಂಡ್ ಆಗ್ಬಿಡುತ್ತಾ? ನಾವು ಬರ್ತಿದ್ದೀವಿ ಅಂತ ಮೊದಲೇ ಗೊತ್ತಾಗ್ಬೇಕು" ಎನ್ನುತ್ತಾರೆ ಗಾಡಿಯಕ್ಕ.

ಗಾಡಿಯಕ್ಕ ಮೊದಲು ಇದೇ ಕಟ್ಟಡದ ಬಟ್ಟೆ ಒಗೆಯುವ ಕೋಣೆಯಲ್ಲಿದ್ದವರು. ಆಗ ಡಾಕ್ಟರು ಎಂದರೆ ಊರಾಚೆಯ ಆಸ್ಪತ್ರೆ. ಅರ್ಧ ದಿನ ಬೆಂಚಿನ ಮೇಲೆ ಕಾಯುವುದಕ್ಕಿಂತ ನೋವು ನುಂಗಿಕೊಳ್ಳುವುದೇ ವಾಸಿ ಎಂದು ಎಷ್ಟೋ ಜನ ಸುಮ್ಮನಿದ್ದುಬಿಡುತ್ತಿದ್ದರು. ಪರದೆ ಬಂದ ಮೇಲೆ ಅದನ್ನು ತಳ್ಳಲು ನೇಮಿಸಿದ್ದ ನರ್ಸು ತಿಂಗಳೊಳಗೆ ಕೆಲಸ ಬಿಟ್ಟರು. ಎಲ್ಲರ ಕೋಣೆಯೂ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಮ್ಯಾನೇಜರು ಗಾಡಿಯನ್ನು ಇವರ ಕೈಗೆ ಕೊಟ್ಟರು. ಮೊದಲ ದಿನ ಪರದೆ ಮೇಲಕ್ಕೆ ವಾಲಿದ್ದು ಗೊತ್ತಾಗಲೇ ಇಲ್ಲ. "ನಿಮ್ಮ ಫ್ಯಾನು ಆರೋಗ್ಯವಾಗಿದೆ, ಅಜ್ಜ ಎಲ್ಲಿ?" ಎಂದು ಡಾಕ್ಟರಮ್ಮ ಕೇಳಿದ್ದನ್ನು ನೆನೆದು ಗಾಡಿಯಕ್ಕ ಇಂದಿಗೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಮನೆಯಲ್ಲಿ ಮಗಳದ್ದು ಬೇರೆ ಹಾಸ್ಯ: "ನಮ್ಮಮ್ಮ ಡಾಕ್ಟರನ್ನೇ ತಳ್ಳಿದ್ರೂ ಯಾರೂ ಬೈಯಲ್ಲ!"

ಮೂರು ಮಹಡಿ, ದಿನಕ್ಕೆ ಹದಿನೈದಿಪ್ಪತ್ತು ಕೋಣೆ. ಡಾಕ್ಟರಮ್ಮ ಹೇಳಿದ ಕಡೆ ಒತ್ತಿ ನೋಡುವುದು, ಉಬ್ಬಿದೆಯೋ ಬಿಸಿಯಿದೆಯೋ ಹೇಳುವುದು, ಕಿವಿ ಮಂದವಾದವರಿಗೆ ಡಾಕ್ಟರ ಮಾತನ್ನು ಜೋರಾಗಿ ಮತ್ತೆ ಹೇಳುವುದು ಎಲ್ಲ ಇವರದೇ. ಆದರೆ ಪರದೆಗೆ ಕಾಣುವುದು ಅದರ ಎದುರಿಗಿರುವುದು ಮಾತ್ರ. ಇದು ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಿದ್ದು ಎರಡನೇ ಮಹಡಿಯ ಟೈಲರಜ್ಜಿಗೆ.

ಅಜ್ಜಿ ಜೀವಮಾನವಿಡೀ ಹೊಲಿಗೆ ಮಿಷನ್ನು ತುಳಿದವರು. ಚಕ್ರದ ಸದ್ದು ಕೇಳಿದ ಕೂಡಲೇ ಒಳ್ಳೆಯ ಶಾಲು ಹೊದ್ದು, ಮೊಣಕಾಲಿನ ಮೇಲೆ ಕಂಬಳಿ ಎಳೆದುಕೊಂಡು, ಮುಖವರಳಿಸಿ ಕೂರುತ್ತಿದ್ದರು. "ಗುಂಡುಕಲ್ಲಿನ ಹಾಗಿದ್ದೀನಿ ಡಾಕ್ಟರಮ್ಮಾ" ಎನ್ನುತ್ತಿದ್ದರು. ಕಂಬಳಿಯ ಕೆಳಗೆ ಹಿಮ್ಮಡಿಯ ಹುಣ್ಣು ಕಪ್ಪಗಾಗುತ್ತಿತ್ತು. ಹಾಸಿಗೆ ಬದಲಿಸಲು ಕೈಜೋಡಿಸಿದ ದಿನ ಅದು ಗಾಡಿಯಕ್ಕನ ಕಣ್ಣಿಗೆ ಬಿತ್ತು. ಅಜ್ಜಿ ಕೈ ಹಿಡಿದುಕೊಂಡರು. "ಬಾಯಿ ಬಿಟ್ಟರೆ ನನ್ನ ಕೆಳಗೆ ಹಾಕ್ತಾರೆ ಕಣೇ."

ಕೆಳಗೆ ಎಂದರೆ ನೆಲಮಹಡಿಯ ಆರೈಕೆ ವಾರ್ಡು. ಅಲ್ಲಿಗೆ ಇಳಿದವರ ಕೋಣೆಯನ್ನು ಕಾಯುತ್ತಿರುವ ಮತ್ತೊಬ್ಬರಿಗೆ ಕೊಟ್ಟುಬಿಡುವುದು ಆಗಿನ ಪದ್ಧತಿ. ಹುಷಾರಾದರೂ ಹತ್ತಿ ಬರಲು ಕೋಣೆಯೇ ಇರುತ್ತಿರಲಿಲ್ಲ. ಗಾಡಿಯಕ್ಕ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟರು. ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೆಯ ದಿನ, ಅಜ್ಜಿ ಎಂದಿನಂತೆ ನಗುತ್ತಿದ್ದಾಗ, ಏನೂ ಮಾತಾಡದೆ ಕಂಬಳಿ ಸರಿಸಿ ಪರದೆಯನ್ನು ಕೆಳಕ್ಕೆ ಬಗ್ಗಿಸಿಬಿಟ್ಟರು.

"ಬಾಯಿ ಮುಚ್ಕೊಂಡೇ ಚಾಡಿ ಹೇಳ್ದೆಯಲ್ಲೇ!" ಅಜ್ಜಿ ಕೂಗಿದ್ದು ಪಕ್ಕದ ಕೋಣೆಗೂ ಕೇಳಿಸಿತಂತೆ.

ಅಂದೇ ಸಂಜೆ ಡಾಕ್ಟರಮ್ಮ ಖುದ್ದಾಗಿ ಬಂದರು. ಇನ್ನೊಂದು ವಾರ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು. ಅಜ್ಜಿಯನ್ನು ವಾರ್ಡಿಗೆ ಇಳಿಸುವಾಗ ಗಾಡಿಯಕ್ಕ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತರು. "ವಾಪಸ್ ಮೇಲೆ ಕಳಿಸ್ತೀವಿ ಅಂತ ಅಜ್ಜಿ ಎದುರಿಗೇ ಹೇಳಿ. ಆಮೇಲೆ ಇಳಿಸಿ." ಡಾಕ್ಟರಮ್ಮ ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ಅಜ್ಜಿಯ ಎದುರಿಗೇ ಒಪ್ಪಿದರು. ಅಜ್ಜಿ ಮತ್ತೆ ತಮ್ಮ ಕೋಣೆಗೇ ಬಂದರು. ಆಮೇಲೆ ಯಾರ ಕೋಣೆಯನ್ನೂ ಹಾಗೆ ಕೊಟ್ಟಿಲ್ಲ. ಈಗ ಮೂಲೆ ಮೂಲೆಯಿಂದ ಮುಚ್ಚಿಟ್ಟ ನೋವುಗಳು ಒಂದೊಂದಾಗಿ ಹೊರಬರುತ್ತಿವೆ. ಚಕ್ರಕ್ಕೆ ಎಣ್ಣೆ ಬಿಟ್ಟು, ಸದ್ದಿಲ್ಲದೆ ಒಳನುಗ್ಗಿದರೆ ಇನ್ನಷ್ಟು ಗೊತ್ತಾಗುತ್ತದೆ ಎಂದು ಮ್ಯಾನೇಜರು ಹೇಳಿ ನೋಡಿದರು. "ಕಳ್ಳರನ್ನ ಹಿಡಿಯೋಕೆ ಹೋಗ್ತಿದ್ದೀವಾ ಸಾರ್?" ಎಂದರು ಗಾಡಿಯಕ್ಕ. ಈಗ ಪರದೆ ಬಗ್ಗಿಸುವ ಮುಂಚೆ ಅವರು ಪ್ರತಿಯೊಬ್ಬರನ್ನೂ ಕೇಳುತ್ತಾರೆ.

ಆದರೆ ಟೈಲರಜ್ಜಿ ಅಂದು ಗಾಡಿಯಕ್ಕನ ಜೊತೆ ಮಾತು ಬಿಟ್ಟವರು ಬಿಟ್ಟದ್ದೇ. "ಕಾಲು ಉಳೀತು, ಸ್ನೇಹ ಹೋಯ್ತು. ನಂಬಿ ಕೇಳ್ಕೊಂಡ್ರು, ನಾನು ಹಾಗೆ ಮಾಡ್ದೆ. ಸಿಟ್ಟು ಇರೋದು ನ್ಯಾಯಾನೇ" ಎನ್ನುವಾಗ ಗಾಡಿಯಕ್ಕನ ಕೈ ಒರೆಸಿದ ಪರದೆಯನ್ನೇ ಮತ್ತೆ ಒರೆಸುತ್ತದೆ. ಏನು ಬೇಕು ನಿಮಗೆ ಎಂದರೆ ಅವರ ಉತ್ತರ ಸಣ್ಣದು: "ವಾರಕ್ಕೊಂದು ದಿನ ಡಾಕ್ಟರಮ್ಮ ಅವರೇ ಬಂದು, ಕೈಯಿಂದ ಮುಟ್ಟಿ ನೋಡ್ಲಿ. ಆವತ್ತು ಗಾಡಿಗೆ ರಜೆ. ನಾನು ಬಟ್ಟೆ ಮಡಿಸೋಕೆ ಹೋಗ್ತೀನಿ, ನಂಗೇನೂ ಬೇಜಾರಿಲ್ಲ."

ಹೊತ್ತು ಏರಿದೆ. ಗಾಡಿ ಕಿರುಗುಟ್ಟುತ್ತ ಎರಡನೇ ಮಹಡಿಯ ಕೊನೆಯ ಬಾಗಿಲಿಗೆ ಬರುತ್ತದೆ. ಟೈಲರಜ್ಜಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾರೆ. ಮಡಿಸಿದ ಕಂಬಳಿ ಮಂಚದ ಮೇಲಿದೆ. ಎರಡೂ ಪಾದಗಳು ಮುಂದಿನ ಸ್ಟೂಲಿನ ಮೇಲೆ, ಬರಿಗಾಲು.

"ಡಾಕ್ಟರಮ್ಮಾ" ಅಜ್ಜಿ ಪರದೆಯೊಂದಿಗೆ ಮಾತ್ರ ಮಾತಾಡುತ್ತಾರೆ, "ನಿಮ್ಮನ್ನ ತಳ್ಕೊಂಡು ಬಂದಿದ್ದಾಳಲ್ಲ, ಅವಳಿಗೆ ಹೇಳಿ, ಪರದೆ ಸ್ವಲ್ಪ ಕೆಳಗೆ ಬಗ್ಗಿಸ್ಲಿ. ಹಿಮ್ಮಡಿ ಮತ್ತೆ ಉರೀತಿದೆ."

ಗಾಡಿಯಕ್ಕ ಬಗ್ಗಿಸುತ್ತಾರೆ.

ಹೊರಗೆ ಏಣಿಯ ಮೇಲೆ ಬಲ್ಬು ತಿರುಗಿಸುತ್ತಿದ್ದ ರಿಪೇರಿಯವನು ಕೇಳುತ್ತಾನೆ, "ಏನಕ್ಕಾ, ಅಜ್ಜಿ ಮಾತಾಡಿದ್ರಾ?"

"ಡಾಕ್ಟರ ಹತ್ರ ಮಾತಾಡಿದ್ರು" ಎನ್ನುತ್ತಾರೆ ಗಾಡಿಯಕ್ಕ, ಗಾಡಿ ತಿರುಗಿಸುತ್ತ. "ನಂಗೂ ಕೇಳಿಸ್ತು."